ಮೂಗಿನಿಂದ ಕೆನ್ನೆಗೆ ಸರಿದ ಬಾಯಿ

ಸೋವಿಯತ್ ಒಕ್ಕೂಟದ ಮಿಗ್-19 ಯುದ್ಧವಿಮಾನವನ್ನು ಎದುರಿನಿಂದ ನೋಡಿದರೆ ಕಾಣುವುದು ಬಾಯ್ದೆರೆದ ಕೊಳವೆ. ಎಂಜಿನ್ನುಗಳಿಗೆ ಬೇಕಾದ ಗಾಳಿಯೆಲ್ಲ ಆ ಬಾಯಿಂದಲೇ ಒಳಹೋಗಬೇಕು. ಆಕಾಶದಲ್ಲಿ ಶತ್ರುವನ್ನು ಅಟ್ಟಿಸಿಕೊಂಡು ಹೋಗಲು ಅದು ಸಾಕು. ನೆಲದ ಮೇಲಿನ ಟ್ಯಾಂಕನ್ನೋ ಸೇತುವೆಯನ್ನೋ ಹುಡುಕುವ ಪೈಲಟ್‌ಗೆ ಮಾತ್ರ ಮೂಗಿನ ಆಚೆ, ಕೆಳಗೆ ಏನಿದೆಯೆಂದು ಕಾಣಬೇಕು.

1958ರಲ್ಲಿ ನೆಲದಾಳಿಗೆಂದೇ ಒಂದು ಜೆಟ್ ಕಟ್ಟಲು ಹೊರಟ ಚೀನಾ, ಮಿಗ್-19ರ ಒಡಲನ್ನೇ ಆಧಾರ ಮಾಡಿಕೊಂಡಿತು. ವಿನ್ಯಾಸಕಾರ ಲೂ ಶಿಯಾವೊಪೆಂಗ್ ಗಾಳಿಯ ಬಾಯಿಯನ್ನು ಮೂಗಿನಿಂದ ಎರಡು ಕೆನ್ನೆಗಳಿಗೆ ಸರಿಸಿದರು. ಮೂಗು ಚೂಪಾಯಿತು, ಪೈಲಟ್‌ನ ನೋಟ ತೆರೆಯಿತು. ಕ್ಯೂ-5 ಹುಟ್ಟಿದ್ದು ಹೀಗೆ.

ನನ್ನನ್ನು ಹೆಚ್ಚು ಸೆಳೆಯುವುದು ಇದರ ನಡು. ಶಬ್ದದ ವೇಗ ಹತ್ತಿರವಾದಂತೆ ಗಾಳಿಯ ತಡೆ ವಿಪರೀತ ಏರುತ್ತದೆ. ವಿಮಾನವನ್ನು ಸೌತೆಕಾಯಿಯಂತೆ ಮೂಗಿನಿಂದ ಬಾಲದವರೆಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಿರಿ ಎನ್ನೋಣ. ಆಯಾ ಬಿಲ್ಲೆಗೆ ಸೇರಿದ ರೆಕ್ಕೆಯ ತುಂಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಲ್ಲೆಗಳ ವಿಸ್ತೀರ್ಣ ನಯವಾಗಿ ಏರಿ ನಯವಾಗಿ ಇಳಿದರೆ ತಡೆ ಕಡಿಮೆ. ರೆಕ್ಕೆ ಶುರುವಾಗುವಲ್ಲಿ ಅದು ದಿಢೀರನೆ ಹಿಗ್ಗಿದರೆ ಆಘಾತ ತರಂಗಗಳು ಬಲವಾಗುತ್ತವೆ. ಆದ್ದರಿಂದ ರೆಕ್ಕೆ ಕೂಡುವ ಜಾಗದಲ್ಲಿ ಒಡಲನ್ನೇ ಸಪೂರ ಮಾಡುವುದು ಉಪಾಯ. ಅಮೆರಿಕದ ರಿಚರ್ಡ್ ವಿಟ್‌ಕಾಂಬ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಸೂತ್ರ ಇದು. ಕ್ಯೂ-5ಕ್ಕೆ ಕಣಜದ ಸೊಂಟ ಬಂದದ್ದು ಇದರಿಂದಲೇ.

ಕೆಲಸ ಸಲೀಸಾಗಿ ಸಾಗಲಿಲ್ಲ. ಹಸಿವು, ಆರ್ಥಿಕ ಕುಸಿತಗಳ ನಡುವೆ 1961ರಲ್ಲಿ ಯೋಜನೆ ನಿಂತೇಹೋಯಿತು. ಲೂ ಪಟ್ಟು ಬಿಡದೆ, ಬೆರಳೆಣಿಕೆಯ ಜನರೊಂದಿಗೆ ನಾನ್‌ಚಾಂಗ್‌ನಲ್ಲಿ ಅದನ್ನು ಉಸಿರಾಡಿಸಿಕೊಂಡು ಬಂದರು. 1965ರ ಜೂನ್ 4ರಂದು ವಿಮಾನ ಹಾರಿತು.

ಇದೇ ವಿಮಾನಕ್ಕೆ ಚೀನಾ ಹೈಡ್ರೋಜನ್ ಬಾಂಬ್ ಹೊರಿಸಿತು. ಕೆಳಮಟ್ಟದಲ್ಲಿ ವೇಗವಾಗಿ ಬಂದು, ಮೂಗೆತ್ತಿ ಏರುತ್ತಲೇ ಬಾಂಬನ್ನು ಬಿಡಬೇಕು. ಎಸೆದ ಕಲ್ಲಿನಂತೆ ಅದು ಮುಂದಕ್ಕೆ ಚಿಮ್ಮಿ ಬೀಳುವಷ್ಟರಲ್ಲಿ ವಿಮಾನ ತಿರುಗಿ ದೂರ ಓಡಬೇಕು. 1971ರ ಡಿಸೆಂಬರ್ 30ರಂದು ಲೋಪ್ ನೂರ್ ಮರುಭೂಮಿಯ ಮೇಲೆ ಪೈಲಟ್ ಯಾಂಗ್ ಗುವೊಶಿಯಾಂಗ್ ಮತ್ತೆ ಮತ್ತೆ ಪ್ರಯತ್ನಿಸಿದರೂ ಬಾಂಬ್ ಕಳಚಲಿಲ್ಲ. ವಿಮಾನ ಬಿಟ್ಟು ಜಿಗಿದಿದ್ದರೆ ಅದು ಎಲ್ಲಿ ಬೀಳುತ್ತಿತ್ತೋ. ಯಾಂಗ್ ಹೊಟ್ಟೆಯಡಿ ಬಾಂಬ್ ಹೊತ್ತುಕೊಂಡೇ ನೆಲೆಗೆ ಮರಳಿ, ಮೆಲ್ಲಗೆ ನೆಲ ಮುಟ್ಟಿಸಿದರು. ವಾರದ ಬಳಿಕ, 1972ರ ಜನವರಿ 7ರಂದು, ಬಾಂಬ್ ಬಿತ್ತು, ಸಿಡಿಯಿತು.

ಸಾಮರ್ಥ್ಯದ ಮಾತಿಗೆ ಬಂದರೆ, ಕ್ಯೂ-5 ಗಟ್ಟಿಮುಟ್ಟು, ಆದರೆ ಅರೆಗಣ್ಣಿನದು. ರೆಕ್ಕೆಯ ಬುಡದಲ್ಲಿ ಎರಡು 23 ಮಿ.ಮೀ. ಫಿರಂಗಿಗಳು, ಸುಮಾರು 2,000 ಕಿಲೋ ಬಾಂಬು, ರಾಕೆಟ್ಟುಗಳ ಹೊರೆ. ಚೂಪು ಮೂಗಿನಲ್ಲಿ ರೇಡಾರ್‌ಗೆ ಜಾಗವಿತ್ತು, ರೇಡಾರ್ ಕೂರಲಿಲ್ಲ. ಹಾಗಾಗಿ ಇರುಳು, ಮೋಡ ಎಂದರೆ ಕಷ್ಟ. ಪೂರ್ತಿ ಹೊರೆಯೊಂದಿಗೆ ಕೆಳಮಟ್ಟದಲ್ಲಿ ಹಾರಿದರೆ ಸುಮಾರು 400 ಕಿ.ಮೀ. ಆಚೆಯಷ್ಟೇ ಹೋಗಿಬರಬಹುದು. ಒಡಲೊಳಗಿನ ಬಾಂಬ್ ಗೂಡನ್ನು ಮುಂದೆ ಇಂಧನಕ್ಕೆ ಬಿಟ್ಟುಕೊಟ್ಟದ್ದು ಈ ಕೊರತೆ ನೀಗಲೆಂದೇ. ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್ ಇದನ್ನು ಕೊಂಡವು. ಪಾಕಿಸ್ತಾನ 2011ರವರೆಗೂ ಹಾರಿಸಿತು.

ಇದರ ಚಿತ್ರ ಕಣ್ಣಿಗೆ ಬಿದ್ದರೆ, ಬಾಂಬುಗಳನ್ನು ಎಣಿಸುವ ಮೊದಲು ರೆಕ್ಕೆ ಕೂಡುವಲ್ಲಿ ಸಣ್ಣಗಾದ ಆ ಸೊಂಟವನ್ನೊಮ್ಮೆ ನೋಡಿ.