ಫುಟ್‌ಬಾಲ್ ರೆಫರಿ ಆಗ್ಬೇಕಾ? ಮೊದಲು ವಿಶಲ್ ಅಲ್ಲ, ಬಾವುಟ ಹಿಡೀರಿ

ಕೋಲಾರ: ತಾಲೂಕು ಮಟ್ಟದ ಫುಟ್‌ಬಾಲ್ ಟೂರ್ನಿಗಳಲ್ಲಿ ಗಲಾಟೆ ಶುರುವಾಗೋದು ಹೆಚ್ಚೂಕಮ್ಮಿ ಒಂದೇ ವಿಷಯಕ್ಕೆ. ಗೋಲ್ ಬಿದ್ದಿರುತ್ತದೆ. ಒಂದು ತಂಡ ಕುಣಿಯುತ್ತಿರುತ್ತದೆ, ಇನ್ನೊಂದು ತಂಡ ‘ಆಫ್‌ಸೈಡ್, ಆಫ್‌ಸೈಡ್’ ಅಂತ ರೆಫರಿಯನ್ನು ಸುತ್ತುವರಿದಿರುತ್ತದೆ. ರೆಫರಿ ಲೈನ್ ಕಡೆ ತಿರುಗಿ ನೋಡಿದರೆ, ಬಾವುಟ ಹಿಡಿದ ಹುಡುಗ ಇಪ್ಪತ್ತು ಮೀಟರ್ ಹಿಂದೆ ನಿಂತಿರುತ್ತಾನೆ. ಅಲ್ಲಿಂದ ಅವನಿಗೆ ಏನೂ ಕಂಡಿರುವುದಿಲ್ಲ. ಆದರೂ ಕೇಳಿದ್ದಾರಲ್ಲ ಅಂತ ಏನೋ ಒಂದು ಹೇಳಿಬಿಡುತ್ತಾನೆ. ಅಲ್ಲಿಗೆ ಮ್ಯಾಚ್ ಮುಗೀತು.

ಆ ಹುಡುಗನಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಎಲ್ಲಿ ನಿಲ್ಲಬೇಕು ಅನ್ನೋದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಕಾಲೇಜು ತಂಡದಲ್ಲಿ ಆಡಿ, ಆಮೇಲೆ ಕೆಲಸ, ಅಂಗಡಿ ಅಂತ ಆಟ ಬಿಟ್ಟ ಹುಡುಗರು ಎಷ್ಟೋ ಜನ ಇದ್ದಾರೆ. ರೆಫರಿ ಆಗೋಣ ಅಂತ ಹೊರಟರೆ ಅವರ ಮುಂದೆ ಬರುವ ಮೊದಲ ಪ್ರಶ್ನೆ ಇದು: ಮೈದಾನದಲ್ಲಿ ಯಾವ ಜಾಗ ನಂದು?

ವಾಲಿಬಾಲ್‌ನಲ್ಲಿ ಈ ತಲೆನೋವಿಲ್ಲ. ಮೊದಲ ರೆಫರಿ ನೆಟ್ ಪಕ್ಕದ ಎತ್ತರದ ಸ್ಟ್ಯಾಂಡ್ ಹತ್ತಿ ನಿಂತರೆ ಸೆಟ್ ಮುಗಿಯುವವರೆಗೆ ಅಲ್ಲೇ. ಕ್ರಿಕೆಟ್ ಅಂಪೈರ್‌ಗೂ ವಿಕೆಟ್ ಹಿಂದೆ, ಇಲ್ಲವೇ ಸ್ಕ್ವೇರ್ ಲೆಗ್‌ನಲ್ಲಿ ಜಾಗ ಗೊತ್ತಿರುತ್ತದೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಇಲ್ಲಿ ನಿಲ್ಲುವ ಜಾಗ ಸೆಕೆಂಡ್ ಸೆಕೆಂಡಿಗೂ ಬದಲಾಗುತ್ತದೆ. ಜಾಗ ತಪ್ಪಿದರೆ ಎಷ್ಟು ಪ್ರಾಮಾಣಿಕನಾಗಿದ್ದರೂ ತೀರ್ಪು ತಪ್ಪುತ್ತದೆ.

ಇರುವುದು ಯಾವ ಯಾವ ಜಾಗ?

ಪೂರ್ಣ ವ್ಯವಸ್ಥೆ ಇರುವ ಪಂದ್ಯದಲ್ಲಿ ಮೈದಾನದೊಳಗೆ ಒಬ್ಬ ರೆಫರಿ, ಎರಡು ಉದ್ದದ ಗೆರೆಗಳ ಹೊರಗೆ ಒಬ್ಬೊಬ್ಬರಂತೆ ಇಬ್ಬರು ಸಹಾಯಕ ರೆಫರಿಗಳು, ತಂಡಗಳ ಬೆಂಚ್ ಹತ್ತಿರ ನಾಲ್ಕನೇ ಅಧಿಕಾರಿ ಇರುತ್ತಾರೆ. ನಾಲ್ಕನೆಯವರ ಕೆಲಸ ಬದಲಿ ಆಟಗಾರರು, ಬೆಂಚಿನ ಶಿಸ್ತು, ಬರವಣಿಗೆ. ನಮ್ಮ ಕಡೆ ಆ ಜಾಗಕ್ಕೆ ಜನ ಇಡುವುದು ಕಡಿಮೆ, ಹೊಸಬರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸಹಾಯಕ ರೆಫರಿಗೆ ಮೊದಲು ಲೈನ್ಸ್‌ಮನ್ ಅನ್ನುತ್ತಿದ್ದರು. 1996ರಲ್ಲಿ ಹೆಸರು ಬದಲಾಯಿತು. ಒಳ್ಳೆಯದೇ ಆಯಿತು, ಲೈನ್‌ಮನ್ ಅಂದರೆ ನಮ್ಮೂರುಗಳಲ್ಲಿ ಕಂಬ ಹತ್ತುವ ಬೆಸ್ಕಾಂನವರೇ ನೆನಪಾಗುತ್ತಾರೆ.

ಈ ವ್ಯವಸ್ಥೆ ಹುಟ್ಟಿದ್ದರ ಹಿಂದೆಯೂ ಜಗಳ ಇದೆ. ಇಂಗ್ಲೆಂಡ್‌ನಲ್ಲಿ ಮೊದಲು ಪ್ರತಿ ತಂಡ ತನ್ನದೇ ಒಬ್ಬ ಅಂಪೈರ್‌ನನ್ನು ತರುತ್ತಿತ್ತು. ಇಬ್ಬರೂ ಒಪ್ಪದಿದ್ದಾಗ ಮಾತ್ರ ಹೊರಗಿದ್ದ ರೆಫರಿಯನ್ನು ಕೇಳುತ್ತಿದ್ದರು. 1891ರಲ್ಲಿ ರೆಫರಿಯನ್ನು ಮೈದಾನದೊಳಗೆ ತಂದು, ಅಂಪೈರ್‌ಗಳನ್ನು ಗೆರೆಗೆ ಕಳಿಸಿದರು. ಎರಡೂ ತಂಡದ ರಿಸರ್ವ್ ಹುಡುಗರ ಕೈಗೆ ಬಾವುಟ ಕೊಟ್ಟು ಪಂದ್ಯ ನಡೆಸುವ ನಮ್ಮ ಎಷ್ಟೋ ಟೂರ್ನಿಗಳು ಇನ್ನೂ 1891ರ ಹಿಂದೆಯೇ ಇವೆ.

ಆ ಒಂದು ಗೆರೆ

ಸಹಾಯಕ ರೆಫರಿಯ ಜಾಗವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ರಕ್ಷಣಾ ತಂಡದಲ್ಲಿ ತನ್ನ ಗೋಲ್ ಗೆರೆಗೆ ಹತ್ತಿರದಿಂದ ಎಣಿಸಿದರೆ ಎರಡನೆಯವನು ಯಾರೋ ಅವನ ನೇರಕ್ಕೆ ನಿಲ್ಲಬೇಕು. ಚೆಂಡು ಅವನಿಗಿಂತ ಗೋಲ್ ಗೆರೆಗೆ ಹತ್ತಿರ ಹೋದರೆ ಚೆಂಡಿನ ನೇರಕ್ಕೆ. ಗೋಲ್‌ಕೀಪರ್ ಸಾಮಾನ್ಯವಾಗಿ ಕೊನೆಯವನಾಗಿರುವುದರಿಂದ ಎರಡನೆಯವನು ಅಂದರೆ ಕೊನೆಯ ಡಿಫೆಂಡರ್. ಅವನು ಒಂದು ಹೆಜ್ಜೆ ಮುಂದೆ ಬಂದರೆ ಬಾವುಟದವನೂ ಒಂದು ಹೆಜ್ಜೆ. ಅವನು ಹಿಂದಕ್ಕೆ ಓಡಿದರೆ ಇವನೂ ಓಡಬೇಕು. ಚೆಂಡು ಗೋಲ್ ಕಡೆ ಹೋದರೆ ಗೋಲ್ ಗೆರೆ ಮುಟ್ಟುವವರೆಗೂ ಬಿಡುವ ಹಾಗಿಲ್ಲ.

ಒಂದು ಮೀಟರ್ ಆಚೆ ಈಚೆ ಆದರೆ ಏನು ಮಹಾ ಅಂತ ಅನ್ನಿಸಬಹುದು. ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಎಲೆಕ್ಟ್ರಾನಿಕ್ ತೂಕ ಬರುವ ಮೊದಲು ಗಡಿಯಾರದಂಥ ಮುಳ್ಳಿನ ತೂಕದ ಯಂತ್ರ ಇತ್ತಲ್ಲ? ಎದುರಿಗೆ ನಿಂತು ನೋಡಿದರೆ ಒಂದು ತೂಕ, ಪಕ್ಕಕ್ಕೆ ನಿಂತು ನೋಡಿದರೆ ಇನ್ನೊಂದು. ಮುಳ್ಳು ಅಲ್ಲೇ ಇದೆ, ನೋಡುವ ಕೋನ ಬೇರೆ. ಗಿರಾಕಿಗೂ ಅಂಗಡಿಯವನಿಗೂ ಜಗಳ ಆಗುತ್ತಿದ್ದದ್ದು ಅದಕ್ಕೇ, ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಆಫ್‌ಸೈಡ್ ಕಥೆಯೂ ಇದೇ. ಸಹಾಯಕ ರೆಫರಿ ಡಿಫೆಂಡರ್‌ನ ನೇರಕ್ಕಿಂತ ಒಂದು ಮೀಟರ್ ಗೋಲ್ ಕಡೆಗೆ ಜಾಸ್ತಿ ಸರಿದಿದ್ದಾನೆ ಅಂದುಕೊಳ್ಳಿ. ಡಿಫೆಂಡರ್‌ನಿಗಿಂತ ಆಚೆ, ಮೈದಾನದ ಆ ಬದಿಯಲ್ಲಿ ಸರಿಯಾಗಿ ನೇರದಲ್ಲೇ ಇರುವ ಸ್ಟ್ರೈಕರ್ ಅವನ ಕಣ್ಣಿಗೆ ಮುಂದೆ ಹೋದ ಹಾಗೆ ಕಾಣುತ್ತಾನೆ. ಬಾವುಟ ಮೇಲೇಳುತ್ತದೆ, ಒಳ್ಳೆ ಗೋಲ್ ಹೋಗುತ್ತದೆ. ಅದೇ ಡಿಫೆಂಡರ್‌ನಿಗಿಂತ ಈಚೆ, ಬಾವುಟದವನ ಹತ್ತಿರವೇ ನಿಜವಾಗಿ ಅರ್ಧ ಹೆಜ್ಜೆ ಮುಂದಿರುವ ಸ್ಟ್ರೈಕರ್ ಸರಿಯಾಗಿದ್ದಾನೆ ಅಂತ ಕಾಣುತ್ತಾನೆ. ನೇರಕ್ಕಿಂತ ಹಿಂದೆ ಉಳಿದುಬಿಟ್ಟರೆ ಇದೆಲ್ಲ ಉಲ್ಟಾ. ನೆದರ್ಲೆಂಡ್ಸ್‌ನ ಸಂಶೋಧಕರು 2000ದಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಅನುಭವಿ ಸಹಾಯಕ ರೆಫರಿಗಳ ಆಫ್‌ಸೈಡ್ ತಪ್ಪುಗಳಿಗೂ ಅವರು ನಿಂತ ಕೋನವೇ ಕಾರಣ ಅಂತ. ದೊಡ್ಡ ಪಂದ್ಯ ಮಾಡುವವರ ಗತಿಯೇ ಹೀಗಾದರೆ, ಇಪ್ಪತ್ತು ಮೀಟರ್ ಹಿಂದೆ ನಿಂತ ನಮ್ಮ ಹುಡುಗನ ಮಾತು ಬಿಡಿ.

ನಿಯಮದಲ್ಲಿ ಹೊಸಬರು ಗಟ್ಟಿ ಮಾಡಿಕೊಳ್ಳಬೇಕಾದ್ದು ಸ್ವಲ್ಪವೇ. ಸಹ ಆಟಗಾರ ಚೆಂಡು ಒದ್ದ ಆ ಕ್ಷಣವನ್ನು ನೋಡಬೇಕು, ಚೆಂಡು ತಲುಪಿದ ಕ್ಷಣವನ್ನಲ್ಲ. ನೇರದಲ್ಲಿದ್ದರೆ ಆಫ್‌ಸೈಡ್ ಅಲ್ಲ. ಇದು 1990ರಲ್ಲಿ ಬಂದ ಬದಲಾವಣೆ, ಹಳೇ ಆಟಗಾರರು ಕೆಲವರು ಈಗಲೂ ವಾದ ಮಾಡುತ್ತಾರೆ, ಮಾಡಲಿ ಬಿಡಿ. ತನ್ನ ಅರ್ಧದಲ್ಲಿದ್ದರೆ ಇಲ್ಲ. ಗೋಲ್ ಕಿಕ್, ಥ್ರೋ ಇನ್, ಕಾರ್ನರ್‌ನಿಂದ ನೇರವಾಗಿ ಚೆಂಡು ಬಂದರೂ ಇಲ್ಲ. ಕೈ, ತೋಳು ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ನಿಂತ ಮಾತ್ರಕ್ಕೆ ತಪ್ಪೂ ಅಲ್ಲ, ಆಟದಲ್ಲಿ ಭಾಗಿಯಾದರೆ ತಪ್ಪು. ಅದಕ್ಕೇ ಒಂದು ಉಸಿರು ತಡೆದು ಬಾವುಟ ಎತ್ತಬೇಕು.

ಮೈಗೆ ಬರಬೇಕಾದ ಅಭ್ಯಾಸಗಳೂ ಇವೆ. ಮೈದಾನಕ್ಕೆ ಎದೆ ಕೊಟ್ಟು ಏಡಿಯಂತೆ ಅಡ್ಡಡ್ಡ ಹೆಜ್ಜೆ ಹಾಕಬೇಕು, ಹಾಗಿದ್ದರೆ ಗೆರೆಯೂ ಚೆಂಡೂ ಒಟ್ಟಿಗೆ ಕಾಣುತ್ತವೆ. ತಿರುಗಿ ಓಡುವುದು ಜೋರು ಓಟ ಬಂದಾಗ ಮಾತ್ರ. ಆಫ್‌ಸೈಡ್ ಬಾವುಟ ಬಲಗೈಯಲ್ಲಿ ಎತ್ತುವುದು ವಾಡಿಕೆ, ನೋಟಕ್ಕೆ ಅಡ್ಡ ಬರುವುದಿಲ್ಲ. ರೆಫರಿ ವಿಶಲ್ ಊದಿದ ಮೇಲೆ ಬಾವುಟ ಓರೆಯಾಗಿ ಮೇಲಕ್ಕೆ ಇದ್ದರೆ ಆ ಬದಿ, ನೇರ ಚಾಚಿದರೆ ನಡುವೆ, ಓರೆಯಾಗಿ ಕೆಳಗಿದ್ದರೆ ಈ ಬದಿ. ಕಾರ್ನರ್ ಕಿಕ್‌ಗೆ ಕಾರ್ನರ್ ಬಾವುಟದ ಹಿಂದೆ, ಗೋಲ್ ಗೆರೆಯ ನೇರಕ್ಕೆ. ಪೆನಾಲ್ಟಿಗೆ 16.5 ಮೀಟರ್ ಚೌಕದ ಗೆರೆ ಗೋಲ್ ಗೆರೆಗೆ ಸೇರುವ ಕಡೆ ನಿಂತು ಗೋಲ್‌ಕೀಪರ್ ಕಾಲು ನೋಡಬೇಕು, ಒದೆಯುವಾಗ ಒಂದು ಕಾಲಿನ ಭಾಗವಾದರೂ ಗೆರೆಯ ಮೇಲೆ ಅಥವಾ ನೇರಕ್ಕೆ ಅಥವಾ ಹಿಂದೆ ಇರಬೇಕು.

ವಿಶಲ್ ಯಾಕೆ ಆಮೇಲೆ?

ಒಳಗಿನ ರೆಫರಿಗೆ ಹೀಗೊಂದು ಗೆರೆ ಇಲ್ಲ. ಅವನದು ಓರೆ ದಾರಿ. ಮೈದಾನದ ಒಂದು ಮೂಲೆ ಕಡೆಯಿಂದ ಎದುರು ಮೂಲೆ ಕಡೆಗೆ ಅಂದಾಜಾಗಿ ಓಡಾಡುತ್ತಾನೆ. ಸಹಾಯಕರು ಸಾಮಾನ್ಯವಾಗಿ ತಮ್ಮ ಬಲಗೈ ಕಡೆಯ ಅರ್ಧ ನೋಡಿಕೊಳ್ಳುತ್ತಾರೆ, ಅವರು ಇಲ್ಲದ ಮೂಲೆಗಳ ಕಡೆಗೆ ರೆಫರಿ ಇರುತ್ತಾನೆ. ಚೆಂಡು ಯಾವಾಗಲೂ ತನ್ನ ಮತ್ತು ಆ ಕಡೆಯ ಬಾವುಟದ ನಡುವೆ ಇರಬೇಕು, ಎರಡು ಕಡೆಯಿಂದ ಎರಡು ಜೊತೆ ಕಣ್ಣು. ಟಿವಿಯಲ್ಲಿ ಮ್ಯಾಚ್ ನೋಡುವಾಗ ಹತ್ತು ನಿಮಿಷ ಚೆಂಡು ಬಿಟ್ಟು ರೆಫರಿಯನ್ನೇ ನೋಡಿ, ಆ ಓರೆ ದಾರಿ ಕಾಣುತ್ತದೆ. ತೀರಾ ಹತ್ತಿರ ಹೋದರೂ ಕಷ್ಟ. 2019ರಿಂದ, ಚೆಂಡು ರೆಫರಿಗೆ ತಗುಲಿ ಎದುರಾಳಿಯ ಪಾಲಾದರೆ, ಗೋಲಿಗೇ ಹೋದರೆ ಅಥವಾ ಒಳ್ಳೆ ದಾಳಿ ಶುರುವಾದರೆ ಆಟ ನಿಲ್ಲಿಸಿ ಡ್ರಾಪ್ ಬಾಲ್ ಕೊಡಬೇಕು.

ಫೌಲ್, ಅಡ್ವಾಂಟೇಜ್, ಕಾರ್ಡ್, ಸಮಯ, ಆಟಗಾರರ ಬಾಯಿ, ಇಷ್ಟೂ ಒಬ್ಬನ ತಲೆ ಮೇಲೆ. ಮೊದಲ ದಿನವೇ ಇದನ್ನು ಹೊತ್ತವನು ಎರಡನೇ ಮ್ಯಾಚ್‌ಗೆ ಬರುವುದು ಅನುಮಾನ. ಬಾವುಟದವನಿಗೆ ಮುಖ್ಯ ಕೆಲಸ ಎರಡೇ, ಚೆಂಡು ಹೊರಗಾ ಒಳಗಾ, ಆಫ್‌ಸೈಡಾ ಅಲ್ಲವಾ. ಉಳಿದ ಹೊತ್ತು ಅನುಭವಿ ರೆಫರಿ ಎಲ್ಲಿ ಓಡುತ್ತಾನೆ, ಯಾವಾಗ ಸುಮ್ಮನಿರುತ್ತಾನೆ ಅಂತ ಪಕ್ಕದಲ್ಲೇ ನಿಂತು ಕಲಿಯಬಹುದು. ಇಬ್ಬರಲ್ಲಿ ಹೊಸಬನನ್ನು ಬೆಂಚ್ ಇಲ್ಲದ ಬದಿಗೆ ಹಾಕುವುದು ಒಳ್ಳೆಯದು. ಬೆಂಚ್ ಕಡೆ ಕೋಚ್‌ಗಳ ಕೂಗಾಟ ಇರುತ್ತದೆ.

ಬಾವುಟದ ಜಾಗ ಸುಲಭ ಅಂತ ಮಾತ್ರ ತಿಳಿಯಬೇಡಿ. ನಮ್ಮ ಮೈದಾನಗಳಲ್ಲಿ ಜನ ಸುಣ್ಣದ ಗೆರೆ ಮೇಲೇ ನಿಲ್ಲುತ್ತಾರೆ, ಬೈಕ್ ನಿಲ್ಲಿಸುತ್ತಾರೆ, ಮಕ್ಕಳು ಅಡ್ಡ ಓಡುತ್ತಾರೆ. ಬೈಗುಳ ನೇರ ಕಿವಿಗೇ ಬರುತ್ತದೆ. ಜನರ ಹಿಂದೆ ಓಡುವ ಸಹಾಯಕ ಎಷ್ಟು ಕಲಿತಿದ್ದರೂ ಗೆರೆಯ ನೇರ ಹಿಡಿಯಲಾರ. ಗೆರೆಯಿಂದ ಎರಡು ಮೀಟರ್ ಬಿಟ್ಟು ಹಗ್ಗ ಕಟ್ಟಿ ಅಂತ ಸಂಘಟಕರಿಗೆ ಆಟಕ್ಕೆ ಮೊದಲೇ ಹೇಳಬೇಕು, ಕಟ್ಟದಿದ್ದರೆ ರೆಫರಿ ಆಟ ಶುರು ಮಾಡಬಾರದು.

ಕೆಲವರಿಗೆ ಬಾವುಟವೇ ಕೊನೆಯವರೆಗೂ ಹೊಂದುತ್ತದೆ, ಅದೇನೂ ಕಮ್ಮಿಯಲ್ಲ. ಫಿಫಾ ಸಹಾಯಕರಿಗೆ ಬೇರೆಯೇ ಪಟ್ಟಿ ಇಟ್ಟಿದೆ. 2002ರ ಕೊರಿಯಾ-ಜಪಾನ್ ವಿಶ್ವಕಪ್‌ನಲ್ಲಿ ಭಾರತದಿಂದ ಹೋಗಿ ಕೆಲಸ ಮಾಡಿದ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಸಹಾಯಕ ರೆಫರಿ. ಅಷ್ಟು ದೂರ ಅವರನ್ನು ಕರೆದುಕೊಂಡು ಹೋದದ್ದು ಬಾವುಟ. ಚುರುಕು ಓಟ, ದೂರದ ನೋಟ, ಕಡಿಮೆ ಮಾತು ಇರುವವರಿಗೆ ಗೆರೆ. ದಮ್ಮು ಜಾಸ್ತಿ ಇದ್ದು, ಇಪ್ಪತ್ತೆರಡು ಜನರನ್ನು ಮಾತಿನಲ್ಲೇ ಹಿಡಿದಿಡುವವರಿಗೆ ಮುಂದೆ ವಿಶಲ್.

ಕಪ್ ಕೊಡುವವರು ಕೇಳಬೇಕಾದ್ದು

ನಮ್ಮ ಜಿಲ್ಲೆಗೆ ಫುಟ್‌ಬಾಲ್ ಹೊಸದಲ್ಲ. ಗಣಿ ಇದ್ದ ಕಾಲದಲ್ಲಿ ಕೆಜಿಎಫ್‌ನಲ್ಲಿ ಫುಟ್‌ಬಾಲ್, ಹಾಕಿ ಎರಡೂ ಜೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಟದ ಆಸೆ ಮುಚ್ಚಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು.

ಇಲ್ಲಿ ಟೂರ್ನಿ ನಡೆಯುವುದು ಅಂಗಡಿಯವರು, ಮಂಡಿಯವರು ಕೊಡುವ ದುಡ್ಡಿನಲ್ಲಿ. ಕಪ್ಪಿಗೆ, ಬ್ಯಾನರಿಗೆ, ಮೈಕಿಗೆ ಖರ್ಚಾಗುತ್ತದೆ, ರೆಫರಿಗೆ ಬಂದಾಗ ಒಬ್ಬರು ಸಾಕು ಅನ್ನುತ್ತಾರೆ. ಫೈನಲ್ ಅರ್ಧಕ್ಕೆ ನಿಂತರೆ ಬ್ಯಾನರ್ ಮೇಲಿನ ಅಂಗಡಿ ಹೆಸರೂ ಅದೇ ಗಲಾಟೆಯ ವಿಡಿಯೋದಲ್ಲಿ ಊರೆಲ್ಲಾ ಸುತ್ತುತ್ತದೆ. ಚಂದಾ ಕೇಳಲು ಬಂದವರನ್ನು ‘ಲೈನ್‌ಗೆ ಯಾರು?’ ಅಂತ ಒಂದು ಮಾತು ಕೇಳಬಹುದು. ಮೂವರಿಗೆ ಆಗದಿದ್ದರೆ ಸೆಮಿಫೈನಲ್, ಫೈನಲ್‌ಗಾದರೂ ಮೂವರು. ಉಳಿದ ಪಂದ್ಯಗಳಲ್ಲಿ ತಂಡದ ಹುಡುಗರೇ ಬಾವುಟ ಹಿಡಿದರೆ, ಚೆಂಡು ಹೊರಗೆ ಹೋದದ್ದನ್ನು ಮಾತ್ರ ತೋರಿಸಲಿ, ಆಫ್‌ಸೈಡ್ ರೆಫರಿಗೇ ಬಿಡಲಿ. ಇದನ್ನು ಆಟಕ್ಕೆ ಮೊದಲೇ ಎರಡೂ ಕ್ಯಾಪ್ಟನ್‌ಗಳನ್ನು ಕರೆದು ಹೇಳಬೇಕು. ಸಣ್ಣ ಮೈದಾನದ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ ಅಂತ ಮಾಡಿಕೊಂಡಿದ್ದರೆ ಅದನ್ನೂ.

ಅಧಿಕೃತವಾಗಿ ರೆಫರಿ ಆಗುವ ದಾರಿ ಬೆಂಗಳೂರಿನ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ. ಮಾಲೂರಿನವರಿಗೆ ರೈಲಿದೆ, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಹೋಗಿಬರುವುದರಲ್ಲೇ ದಿನ ಹೋಗುತ್ತದೆ. ಹೋಗುವ ಮೊದಲು ಊರಲ್ಲೇ ಕಣ್ಣು ಪಳಗಿಸಿಕೊಳ್ಳಬಹುದು. ನಾಲ್ಕು ಜನ ಗೆಳೆಯರು, ಒಂದು ಚೆಂಡು, ಎರಡು ಇಟ್ಟಿಗೆ ಸಾಕು (ಮಾಲೂರಿನವರಿಗಂತೂ ಇಟ್ಟಿಗೆಗೆ ಬರ ಇಲ್ಲ). ಮೈದಾನದಲ್ಲಿ ಅಡ್ಡಲಾಗಿ ಒಂದು ಸುಣ್ಣದ ಗೆರೆ ಎಳೆದು, ಅದರ ತುದಿಯಲ್ಲಿ ಇಟ್ಟಿಗೆ ಜೋಡಿಸಿ, ಗೆರೆಯ ಸರಿಯಾದ ನೇರಕ್ಕೆ ಮೊಬೈಲ್ ಇಟ್ಟು ವಿಡಿಯೋ ಆನ್ ಮಾಡಿ. ಒಬ್ಬ ಡಿಫೆಂಡರ್ ಗೆರೆ ಮೇಲೆ ನಿಲ್ಲಲಿ, ಒಬ್ಬ ಸ್ಟ್ರೈಕರ್ ಓಡಲಿ, ಒಬ್ಬ ಪಾಸ್ ಕೊಡಲಿ. ಬಾವುಟದವನು ಮೊದಲು ಮೊಬೈಲ್ ಪಕ್ಕ ನಿಂತು ಹತ್ತು ಸಲ, ಆಮೇಲೆ ಎರಡು ಹೆಜ್ಜೆ ಆಚೆ ನಿಂತು ಹತ್ತು ಸಲ ತೀರ್ಪು ಹೇಳಿ ಬರೆದಿಟ್ಟುಕೊಳ್ಳಲಿ. ಸ್ಟ್ರೈಕರ್ ಐದು ಸಲ ಈ ಬದಿ, ಐದು ಸಲ ಆ ಬದಿಯಿಂದ ಓಡಬೇಕು. ಕೊನೆಗೆ ವಿಡಿಯೋ ನಿಲ್ಲಿಸಿ, ಒದ್ದ ಕ್ಷಣದ ಚಿತ್ರ ಒಂದೊಂದಾಗಿ ತೆಗೆದು ಹೋಲಿಸಿ ನೋಡಿ.