ಹೆಣ್ಮಕ್ಕಳ ಸಂದು ನೋವನ್ನ ‘ವಾತ’ ಅಂತ ಬಿಡಬೇಡಿ. ದೇಹ ಕಾಯೋ ಕಣಗಳೇ ಕಾರಣ ಇರಬಹುದು

ವಿಜಯಪುರ: ಇಂಡಿಯ ಲಿಂಬೆ ತೋಟ ಇರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿ ಹೊಲ ಇರಲಿ, ದುಡಿಯುವ ಹೆಣ್ಮಕ್ಕಳಿಗೆ ಕೈಕಾಲು ನೋವು ಹೊಸದಲ್ಲ. ‘ವಾತ ಆಗೈತಿ, ತಾನ ಹೋಗ್ತೈತಿ’ ಅಂತ ಮುಲಾಮು ಹಚ್ಚಿ ಸುಮ್ಮನಾಗೋದು ರೂಢಿ. ಆದರೆ ಎಲ್ಲ ನೋವೂ ದುಡಿಮೆಯಿಂದ ಬಂದದ್ದಲ್ಲ.

ಹೆಣ್ಣು-ಗಂಡಿಗೆ ಏನು ವ್ಯತ್ಯಾಸ?

ರೋಗಾಣು ಮೈಯೊಳಗೆ ಬಂದರೆ ಹೋರಾಡುವುದು ರಕ್ತದ ಬಿಳಿ ಕಣಗಳು. ಸಾಮಾನ್ಯವಾಗಿ ಹೆಂಗಸರಲ್ಲಿ ಇವು ಹೆಚ್ಚು ಚುರುಕು. ಫ್ಲೂ ಲಸಿಕೆ ಹಾಕಿದಾಗ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಪ್ರತಿಕಾಯ ಹುಟ್ಟುತ್ತವೆ.

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದೇ. ರೋಗನಿರೋಧಕ ಶಕ್ತಿಯ ಅನೇಕ ಜೀನ್‌ಗಳು ಈ ಎಕ್ಸ್‌ನಲ್ಲೇ ಇವೆ. ಎರಡರಲ್ಲಿ ಒಂದು ಬಹುಪಾಲು ಸುಮ್ಮನಿರುತ್ತದೆ. ಆದರೂ ವೈರಸ್ ಗುರುತಿಸುವ ‘ಟಿಎಲ್ಆರ್-7’ನಂಥ ಜೀನ್ ಕೆಲವು ಕಣಗಳಲ್ಲಿ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಹೆಣ್ಣಿನ ಈಸ್ಟ್ರೋಜನ್ ಪ್ರತಿಕಾಯ ತಯಾರಿಕೆಗೆ ಬಲ ಕೊಟ್ಟರೆ, ಗಂಡಿನ ಟೆಸ್ಟೋಸ್ಟಿರಾನ್ ಅದನ್ನು ತುಸು ತಗ್ಗಿಸುತ್ತದೆ.

ಕಾಯುವವರೇ ತಿರುಗಿಬಿದ್ದರೆ

ಈ ಚುರುಕುತನಕ್ಕೆ ಬೆಲೆಯೂ ಇದೆ. ಕೆಲವೊಮ್ಮೆ ಕಣಗಳು ದಾರಿ ತಪ್ಪಿ ಸ್ವಂತ ದೇಹದ ಮೇಲೇ ದಾಳಿ ಮಾಡುತ್ತವೆ. ಸಂದುಗಳನ್ನು ತಿನ್ನುವ ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲಿ 2ರಿಂದ 3 ಪಟ್ಟು ಹೆಚ್ಚು. ಲೂಪಸ್ ಕಾಯಿಲೆಯವರಲ್ಲಿ 10ಕ್ಕೆ ಸುಮಾರು 9 ಮಂದಿ ಹೆಂಗಸರೇ.

ಗಂಡಸರಿಗೆ ಬೇರೆ ಕಾಟ. ಕ್ಷಯ ರೋಗ ಅವರಲ್ಲೇ ಹೆಚ್ಚು. ಬೀಡಿ, ಸಾರಾಯಿ ಇದಕ್ಕೆ ದೊಡ್ಡ ಕಾರಣ. ದೇಹದೊಳಗಿನ ಈ ವ್ಯತ್ಯಾಸಕ್ಕೂ ಪಾಲಿದೆ ಅನ್ನುತ್ತಾರೆ ವಿಜ್ಞಾನಿಗಳು.

ಯಾವಾಗ ದವಾಖಾನೆಗೆ ಹೋಗಬೇಕು?

* ಮುಂಜಾನೆ ಎದ್ದಾಗ ಬೆರಳು ಅರ್ಧ ತಾಸಿಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ
* ಎರಡೂ ಕೈಯ ಬೆರಳ ಸಂದು, ಮಣಿಕಟ್ಟು ಬಾತು, ವಾರಗಟ್ಟಲೆ ಇಳಿಯದಿದ್ದರೆ
* ಸಂದು ನೋವಿನ ಜತೆ ಕೆನ್ನೆ-ಮೂಗಿನ ಮೇಲೆ ಕೆಂಪು ಗುಳ್ಳೆ ಎದ್ದರೆ, ಪದೇಪದೇ ಜ್ವರ ಬಂದರೆ
* ಗಂಡಸರಾಗಲಿ, ಹೆಂಗಸರಾಗಲಿ, 2 ವಾರ ದಾಟಿದ ಕೆಮ್ಮು ಇದ್ದರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಕ್ಷಯದ ಔಷಧ ಎರಡೂ ಉಚಿತ

ಸಂಧಿವಾತವನ್ನು ಮೊದಲ ತಿಂಗಳುಗಳಲ್ಲೇ ಹಿಡಿದರೆ ಬೆರಳು ಸೊಟ್ಟಗಾಗುವುದನ್ನು ಬಹಳಷ್ಟು ತಡೆಯಬಹುದು. ತಡವಾದರೆ ಸವೆದ ಸಂದು ಮತ್ತೆ ಮೊದಲಿನಂತಾಗದು. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಪೆಟ್ಟು. ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಬರೆದುಕೊಟ್ಟರೆ ವಿಜಯಪುರಕ್ಕೆ ಹೋಗುವುದನ್ನು ಮುಂದೂಡಬೇಡಿ. ‘ಸುಗ್ಗಿ ಮುಗೀಲಿ, ಆಮೇಲೆ ನೋಡೋಣ’ ಅನ್ನುವಷ್ಟರಲ್ಲಿ ಕುಡಗೋಲು ಹಿಡಿಯುವ ಕೈಯೇ ಸೋತಿರಬಹುದು.