ಕಲಿತ ಭಯ: ಮೊದಲ ಪರಿಚಯ ಮತ್ತು ಕಾಲದ ಅಂತರ

ರಾಜಾಜಿನಗರದ ಕಡೆಯ ಒಂದು ಪ್ರೌಢಶಾಲೆ. ಅಭ್ಯಾಸ ಬೋಧನೆಗೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು, ಬೋರ್ಡಿನ ಮೇಲೆ ಲೆಕ್ಕ ತಪ್ಪಿದ ಹುಡುಗನನ್ನು ತರಗತಿಯ ಮುಂದೆಯೇ ಗದರಿಸಿದರು. ಮರುದಿನ ಅವನು ಎಂದಿನಂತೆ ಇದ್ದ. "ಮರೆತಿದ್ದಾನೆ" ಎಂದು ದಿನಚರಿಯಲ್ಲಿ ಬರೆದರು. ಎರಡನೇ ವಾರ ಅವನು ಸೀಮೆಸುಣ್ಣ ಮುಟ್ಟಲೇ ಇಲ್ಲ.

ಅನುಬಂಧನದ ಪಾಠದಲ್ಲಿ ನಾವು ಪಾವ್ಲೋವನ ನಾಯಿಗೇ ನಿಂತುಬಿಡುತ್ತೇವೆ. ಭಯದ ಕಲಿಕೆಯಲ್ಲಿ ಇನ್ನೆರಡು ಸಂಗತಿಗಳಿವೆ.

ಒಂದು, ಮೊದಲ ಪರಿಚಯ. 1959ರಲ್ಲಿ ಲುಬೋ ಮತ್ತು ಮೂರ್ ಕುರಿ, ಮೇಕೆಗಳಿಗೆ ಒಂದು ಸಂಕೇತವನ್ನು ಆಘಾತವಿಲ್ಲದೆ ಹಲವು ಬಾರಿ ತೋರಿಸಿದರು. ಆಮೇಲೆ ಅದೇ ಸಂಕೇತದೊಂದಿಗೆ ಕಾಲಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ ಅವು ನಂಟನ್ನು ನಿಧಾನವಾಗಿ ಕಲಿತವು. ಹೊಸ ಸಂಕೇತವನ್ನಾದರೆ ಬೇಗ ಕಲಿತವು. ಇದೇ ಸುಪ್ತ ಪ್ರತಿಬಂಧ. ಇಲ್ಲಿ ಕ್ರಮ ಮುಖ್ಯ. ಭಯ ಕೂತ ಮೇಲೆ ಸಂಕೇತವನ್ನು ಬರಿದೇ ತೋರಿಸಿದರೆ ಅದು ವಿಲೋಪನ. ಅದರಿಂದ ಭಯ ತಗ್ಗುತ್ತದೆ, ಅಳಿಸಿಹೋಗುವುದಿಲ್ಲ. ಸ್ವಲ್ಪ ದಿನ ಬಿಟ್ಟರೆ ತಾನಾಗಿ ಮರಳಬಹುದು. ಪರೀಕ್ಷೆಯಲ್ಲಿ ಈ ಎರಡನ್ನೂ ಒಂದೇ ಎಂದು ಬರೆಯುವವರು ಪ್ರತಿವರ್ಷ ಸಿಗುತ್ತಾರೆ!

ಇನ್ನೊಂದು, ಕಾಲ. ಸಂಕೇತಕ್ಕೂ ಆಘಾತಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ಸಾಮಾನ್ಯವಾಗಿ ನಂಟು ಸಡಿಲ. ಆದರೆ ಘಟನೆ ಮುಗಿದ ಮೇಲಿನ ಕಾಲದ ಕಥೆಯೇ ಬೇರೆ. ನಮ್ಮ ಬೆಂಗಳೂರಿನಲ್ಲೇ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಇಲಿಗಳನ್ನು ಒಂದೇ ಒಂದು ಸಲ, ಎರಡು ಗಂಟೆ ಅಲುಗಾಡದಂತೆ ಹಿಡಿದಿಟ್ಟರು. ಮರುದಿನ ವ್ಯತ್ಯಾಸ ಕಾಣಲಿಲ್ಲ. ಹತ್ತು ದಿನ ಕಳೆದ ಮೇಲೆ ನೋಡಿದರೆ ಆತಂಕ ಹೆಚ್ಚಿತ್ತು: ಎತ್ತರದಲ್ಲಿ ಕೂಡಿಸು ಚಿಹ್ನೆಯಂತೆ ಕಟ್ಟಿದ ಹಾದಿಯಲ್ಲಿ ಅವು ಗೋಡೆಯಿಲ್ಲದ ತೋಳುಗಳಿಗೆ ಬರಲು ಹಿಂಜರಿದವು. ಭಯವನ್ನು ನಿಭಾಯಿಸುವ ಅಮಿಗ್ಡಾಲದ ನರಕೋಶಗಳ ಕವಲುಗಳ ಮೇಲೆ, ಸಂದೇಶ ಪಡೆಯುವ ಮುಳ್ಳಿನಂಥ ಚಾಚುಗಳೂ ಹೆಚ್ಚಾಗಿದ್ದವು.

ಇದು ಒಂದು ಸಂಕೇತಕ್ಕೆ ಅಂಟಿದ ಭಯವಲ್ಲ, ಒಟ್ಟಾರೆ ಆತಂಕ. ಇಲಿ ಮಗುವೂ ಅಲ್ಲ. ಆ ಹುಡುಗನಿಗೆ ಆದದ್ದು ಇದೇ ಎಂದು ಹೇಳಲಾರೆ. ಆದರೆ ಮರುದಿನದ ನಗುಮುಖ ನೋಡಿ "ಮರೆತಿದ್ದಾನೆ" ಎಂದು ಬರೆಯುವುದಕ್ಕೂ ಆಧಾರವಿರಲಿಲ್ಲ. ಈ ಸಲದ ವೀಕ್ಷಣಾ ನಮೂನೆಯಲ್ಲಿ ಎರಡನೇ ವಾರಕ್ಕೂ ಒಂದು ಕಾಲಂ ಸೇರಿಸಿದ್ದೇವೆ.